ಅಗೆಯುವ ಯಂತ್ರದ ಆಯಿಲ್ ಕೂಲರ್: ಸೋರಿಕೆ ಮತ್ತು ದುರಸ್ತಿ

ತುಮಕೂರು, ಹಾಸನಗಳ ರೈಲುಮಾರ್ಗಗಳು ಕವಲೊಡೆಯುವ ಚಿಕ್ಕಬಾಣಾವರದ ಸುತ್ತಮುತ್ತ ಈಗ ನೆಲ ಅಗೆಯದ ದಿನವಿಲ್ಲ. ಬಡಾವಣೆಯ ಚರಂಡಿಗೂ ಮನೆಯ ತಳಪಾಯಕ್ಕೂ, ಮುಂದೆ ಅಗಲವಾದ ಬಕೆಟ್ಟನ್ನೂ ಹಿಂದೆ ಮಡಿಸುವ ತೋಳನ್ನೂ ಉಳ್ಳ ಹಳದಿ ಯಂತ್ರವೇ ಬರಬೇಕು. ಇಂಗ್ಲೆಂಡಿನಲ್ಲಿ 1945ರಲ್ಲಿ ಕೆಲಸ ಆರಂಭಿಸಿದ ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡನ ಹೆಸರಿನ ಮೊದಲಕ್ಷರಗಳೇ ನಮ್ಮಲ್ಲಿ ಯಂತ್ರದ ಹೆಸರಾಗಿವೆ. ಯಾವ ಕಂಪನಿಯದಾದರೂ ಜನರಿಗೆ ಅದು ಜೆಸಿಬಿಯೇ. ಗಂಟೆಯ ಬಾಡಿಗೆಗೆ ದುಡಿಯುವ ಈ ಯಂತ್ರ ನಿಂತರೆ ಮಾಲೀಕನ ಆ ದಿನದ ಗಳಿಕೆಯೂ ನಿಲ್ಲುವುದು. ಆದುದರಿಂದ ರೇಡಿಯೇಟರಿನ ಬಳಿ ಎಣ್ಣೆ ತೊಟ್ಟಿಕ್ಕತೊಡಗಿದಾಗ, ಸೋರುವ ಆಯಿಲ್ ಕೂಲರನ್ನು ಬಿಟ್ಟು ಅದರ ಎರಡು ಹೋಸ್‌ಪೈಪುಗಳನ್ನೂ ಒಂದಕ್ಕೊಂದು ಜೋಡಿಸಿ ಇಂದಿನ ಕೆಲಸ ಮುಗಿಸೋಣ ಎಂಬ ಸಲಹೆ ಬರುವುದುಂಟು. ಅದು ಎಷ್ಟು ಸರಿ ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ನೋಡೋಣ.

ಈ ಯಂತ್ರದ ತೋಳಿಗೆ ಬಲ ಕೊಡುವುದು ಪಂಪಿನಿಂದ ಬರುವ ಹೈಡ್ರಾಲಿಕ್ ಎಣ್ಣೆ. ಅದರ ಒತ್ತಡ 200 ಬಾರ್, ಎಂದರೆ ವಾಯುಭಾರದ ಸುಮಾರು 200 ಪಟ್ಟು ಎಂದಿಟ್ಟುಕೊಳ್ಳಿ. ಆಗ ಪ್ರತಿಯೊಂದು ಲೀಟರು ಎಣ್ಣೆಯೂ 20,000 ಜೌಲ್ ಶಕ್ತಿಯನ್ನು ಹೊತ್ತು ಸಾಗುವುದು. ಬಕೆಟ್ಟು ಬಂಡೆಗೆ ತಾಗಿ ನಿಂತುಬಿಟ್ಟರೆ ಎಣ್ಣೆಯು ಯಾವ ಭಾರವನ್ನೂ ಎತ್ತದೆ, ರಿಲೀಫ್ ವಾಲ್ವಿನ ಮೂಲಕ ನುಸುಳಿ ಟ್ಯಾಂಕಿಗೆ ಮರಳುವುದು. ಆ ಶಕ್ತಿ ಎಲ್ಲಿ ಹೋಯಿತು? 1840ರ ದಶಕದಲ್ಲಿ ಜೌಲ್ ಎಂಬ ಇಂಗ್ಲಿಷ್ ವಿಜ್ಞಾನಿ, ಇಳಿಯುವ ತೂಕಗಳಿಂದ ನೀರಿನೊಳಗೆ ಹುಟ್ಟುಗಳನ್ನು ತಿರುಗಿಸಿ, ಕಳೆದುಹೋದಂತೆ ಕಾಣುವ ಕೆಲಸವೆಲ್ಲ ಶಾಖವಾಗುವುದೆಂದು ತೋರಿಸಿದನು. ಇಲ್ಲಿಯೂ ಹಾಗೆಯೇ. ಒಂದು ಲೀಟರು ಎಣ್ಣೆಯ ತೂಕ ಸುಮಾರು 0.87 ಕಿಲೋಗ್ರಾಂ; ಅದರ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು 1,650 ಜೌಲ್ ಸಾಕು. ಎಂದ ಮೇಲೆ ಪಂಪಿನಿಂದ ವಾಲ್ವಿಗೆ ಹೋಗಿ ಬರುವ ಒಂದೊಂದು ಸುತ್ತಿಗೂ ಎಣ್ಣೆ ಸುಮಾರು 12 ಡಿಗ್ರಿ ಬಿಸಿಯಾಗುವುದು!

ಎಲ್ಲ ಎಣ್ಣೆಯೂ ಹೀಗೆ ವ್ಯರ್ಥವಾಗಿ ಸುತ್ತುವುದಿಲ್ಲ, ನಿಜ. ಸರಾಸರಿ 10 ಕಿಲೋವಾಟ್ ಮಾತ್ರ ಶಾಖವಾಗುವುದೆಂದೂ, ಯಂತ್ರದಲ್ಲಿ 100 ಲೀಟರು ಎಣ್ಣೆ ಇದೆಯೆಂದೂ ಭಾವಿಸೋಣ. 165 ಕಿಲೋಜೌಲಿಗೆ ಒಂದು ಡಿಗ್ರಿಯಂತೆ, 50 ಡಿಗ್ರಿಯ ಎಣ್ಣೆ 90 ಡಿಗ್ರಿಗೆ ಏರಲು 11 ನಿಮಿಷಗಳು ಸಾಕು. ಟ್ಯಾಂಕೂ ಕೊಳವೆಗಳೂ ಸ್ವಲ್ಪ ಶಾಖವನ್ನು ಗಾಳಿಗೆ ಬಿಡುವುದರಿಂದ ಇನ್ನಷ್ಟು ಹೊತ್ತು ಹಿಡಿಯಬಹುದು. ಆದರೆ ಇಡೀ ದಿನ ದುಡಿಸುವ ಮಾತಂತೂ ದೂರ. 40 ಡಿಗ್ರಿಯಲ್ಲಿ 46 ಸೆಂಟಿಸ್ಟೋಕ್ ಸ್ನಿಗ್ಧತೆಯುಳ್ಳ ಸಾಮಾನ್ಯ ಎಣ್ಣೆ 100 ಡಿಗ್ರಿಯಲ್ಲಿ 7ರ ಆಸುಪಾಸಿಗೆ ಇಳಿದು ನೀರಾಗುವುದು. ಆಗ ಪಂಪಿನ ಒಳಗೇ ಎಣ್ಣೆ ಹಿಂದಕ್ಕೆ ನುಸುಳಿ ತೋಳು ಮಂದವಾಗುವುದು. ಲೋಹಕ್ಕೆ ಲೋಹ ಉಜ್ಜುವುದು. ರಬ್ಬರಿನ ಸೀಲುಗಳು ಗಡುಸಾಗುವುವು. ಕೂಲರಿನ ಬೆಲೆಯನ್ನು ಉಳಿಸಹೊರಟು ಪಂಪಿನ ಬೆಲೆ ತೆರುವುದು ನನಗೆ ಜಾಣತನವಾಗಿ ಕಾಣದು.

ಕೂಲರೆಂದರೆ ಅಲ್ಯೂಮಿನಿಯಮ್ಮಿನ ಚಪ್ಪಟೆ ಕೊಳವೆಗಳು, ಅವುಗಳ ನಡುವೆ ತೆಳುವಾದ ರೆಕ್ಕೆಗಳು. ಫ್ಯಾನಿನ ಗಾಳಿ ಈ ರೆಕ್ಕೆಗಳನ್ನು ಸವರಿ ಶಾಖವನ್ನು ಒಯ್ಯುವುದು. ಎಣ್ಣೆ ಟ್ಯಾಂಕಿಗೆ ಮರಳುವ ದಾರಿಯಲ್ಲಿ ಇದನ್ನು ಇಟ್ಟಿರುವುದರಿಂದ ಇಲ್ಲಿ ಒತ್ತಡ ಕಡಮೆ. ಹಾಗಾದರೆ ಒಡೆಯುವುದೇಕೆ? 60 ಸೆಂಟಿಮೀಟರ್ ಉದ್ದದ ಅಲ್ಯೂಮಿನಿಯಂ ಕೊಳವೆ 50 ಡಿಗ್ರಿ ಬಿಸಿಯಾದರೆ ಸುಮಾರು 0.7 ಮಿಲಿಮೀಟರ್ ಹಿಗ್ಗುವುದು, ಸಂಜೆ ಕುಗ್ಗುವುದು. ದಿನವೂ ಹೀಗಾದರೆ ಬೆಸುಗೆ ದಣಿಯುವುದು. ಯಂತ್ರದ ನಡುಕ ಇದಕ್ಕೆ ಕೂಡಿಕೊಳ್ಳುವುದು. ಮಾರ್ಗಶಿರದ ಚಳಿಯ ಬೆಳಿಗ್ಗೆ ದಪ್ಪಗಾದ ಎಣ್ಣೆಯನ್ನು ಒಮ್ಮೆಲೇ ನೂಕಿದರೆ ಕೂಲರಿನಲ್ಲೂ ಒತ್ತಡ ಏರುವುದು. ಆಗ ಎಣ್ಣೆಗೆ ಬೇರೆ ದಾರಿ ಬಿಡಬೇಕಾದ ಬೈಪಾಸ್ ವಾಲ್ವು ಸಿಕ್ಕಿಕೊಂಡಿದ್ದರೆ ಹೊಸ ಕೂಲರೂ ಉಳಿಯದು, ಅದನ್ನೂ ಪರೀಕ್ಷಿಸತಕ್ಕದ್ದು.

ಸೋರುವ ಸ್ಥಳವನ್ನು ಬೆರಳಿನಿಂದ ತಡವಿ ಹುಡುಕಲೇಬಾರದು. ಸೋರಿಕೆ ಕೂಲರಿನದೋ ಪಕ್ಕದ ಹೆಚ್ಚು ಒತ್ತಡದ ಹೋಸಿನದೋ ಮೊದಲು ತಿಳಿಯದು. 200 ಬಾರ್ ಒತ್ತಡದ ಎಣ್ಣೆ ಸೂಜಿಮೊನೆಯಷ್ಟು ರಂಧ್ರದಿಂದ ಸೆಕೆಂಡಿಗೆ ಸುಮಾರು 200 ಮೀಟರ್ ವೇಗದಲ್ಲಿ ಚಿಮ್ಮಿ ಚರ್ಮವನ್ನು ತೂರಬಲ್ಲುದು. ಗಾಯ ಮುಳ್ಳು ಚುಚ್ಚಿದಷ್ಟೇ ಕಾಣುವುದು. ಆದರೆ ಒಳಗೆ ಹರಡಿದ ಎಣ್ಣೆಯಿಂದ ಬೆರಳನ್ನೇ ಕಳೆದುಕೊಳ್ಳಬೇಕಾದೀತು. ಹಾಗೇನಾದರೂ ಆದರೆ ನೋವಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಹುಡುಕಲು ರಟ್ಟಿನ ತುಂಡೊಂದು ಸಾಕು.

ಬಿಚ್ಚುವ ಮುನ್ನ ಬಕೆಟ್ಟನ್ನೂ ತೋಳನ್ನೂ ನೆಲಕ್ಕೆ ಇಳಿಸಿ, ಎಂಜಿನ್ನು ನಿಲ್ಲಿಸಿ, ಲಿವರುಗಳನ್ನು ಅತ್ತಿತ್ತ ಆಡಿಸಿ ಉಳಿದ ಒತ್ತಡವನ್ನು ಕಳೆಯಬೇಕು. ಎಣ್ಣೆ ಆರಿದ ಮೇಲೆ ಟ್ಯಾಂಕಿನ ಮುಚ್ಚಳವನ್ನು ಮೆಲ್ಲಗೆ ಸಡಿಲಿಸಬೇಕು. ಹೋಸಿನ ನಟ್ಟನ್ನು ಒಂದು ಸ್ಪ್ಯಾನರಿನಿಂದ ತಿರುಗಿಸುವಾಗ ಕೂಲರಿನ ಮೂತಿಯನ್ನು ಇನ್ನೊಂದರಿಂದ ಹಿಡಿದಿರದಿದ್ದರೆ ಮೂತಿಯೇ ಬಿರುಕು ಬಿಡುವುದು. ಕೆಳಗೆ ತಗಡಿನ ಡಬ್ಬ ಇರಲಿ. ಒಂದು ಲೀಟರು ಎಣ್ಣೆ ಒಂದು ಮೈಕ್ರಾನ್ ದಪ್ಪಕ್ಕೆ ಹರಡಿದರೆ 1,000 ಚದರ ಮೀಟರ್ ನೀರನ್ನು ಮುಚ್ಚುವುದು. ಇಲ್ಲಿಯ ಮಳೆನೀರಿಗೆ ಕೆರೆಯ ದಾರಿ ಗೊತ್ತು.

ತೆಗೆದ ಕೂಲರಿನ ಮೂತಿಗಳನ್ನು ಮುಚ್ಚಿ, ತಯಾರಕರು ಹೇಳಿದ ಮಿತಿಯೊಳಗೆ ಗಾಳಿ ತುಂಬಿ ನೀರಿನಲ್ಲಿ ಅದ್ದಿದರೆ ಗುಳ್ಳೆಗಳೇ ಜಾಗವನ್ನು ತೋರಿಸುವುವು. ಬೆಸೆಯುವುದು ಮಾತ್ರ ಸುಲಭವಲ್ಲ. ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗಿದರೆ ಅದರ ಮೈಮೇಲಿನ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿಗೂ ಮಿಕ್ಕ ಉಷ್ಣತೆ ಬೇಕು. ಪರ್ಯಾಯ ವಿದ್ಯುತ್ತಿನ ಆರ್ಗಾನ್ ವೆಲ್ಡಿಂಗು ಆ ಪೊರೆಯನ್ನು ಒಡೆಯುವುದು. ಆರ್ಗಾನ್ ಅನಿಲ ಹೊಸ ಪೊರೆ ಕಟ್ಟದಂತೆ ಕಾಯುವುದು. ಬಿರುಕಿನಲ್ಲಿ ಎಣ್ಣೆಯ ಪಸೆ ಉಳಿದಿದ್ದರೆ ಬೆಸುಗೆಯಲ್ಲಿ ರಂಧ್ರಗಳು ತಪ್ಪವು. ಮೂತಿಯ ಅಥವಾ ಅಂಚಿನ ಬೆಸುಗೆ ಬಿಟ್ಟಿದ್ದರೆ ಪಕ್ಕದ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಅನುಭವಿಯಿಂದ ಬೆಸೆಸಬಹುದು. ರೆಕ್ಕೆಗಳ ನಡುವಿನ ಕೊಳವೆಯೇ ಒಡೆದಿದ್ದರೆ, ಅದರಲ್ಲೂ ಎರಡು ಕಡೆ ಒಡೆದಿದ್ದರೆ, ಹೊಸದನ್ನು ಹಾಕುವುದೇ ಲೇಸು: ಉಳಿದ ಕೊಳವೆಗಳೂ ಅಷ್ಟೇ ದಣಿದಿರುತ್ತವೆ.

ಜೋಡಿಸುವಾಗ ಓ-ರಿಂಗುಗಳೂ ಕೂಲರಿನ ಅಡಿಯ ರಬ್ಬರುಗಳೂ ಹೊಸವಿರಲಿ. ಎಣ್ಣೆ ತುಂಬಿ, ಎಂಜಿನ್ನನ್ನು ನಿಧಾನ ಗತಿಯಲ್ಲಿ ಓಡಿಸಿ, ತೋಳುಗಳನ್ನು ಮೆಲ್ಲಗೆ ಹಲವು ಸಲ ಚಾಚಿ ಮಡಿಸಿದರೆ ಸಿಕ್ಕಿದ ಗಾಳಿ ಹೊರಬೀಳುವುದು. ಎಣ್ಣೆಯ ಮಟ್ಟವನ್ನು ಮತ್ತೆ ನೋಡಿ, ಮರುದಿನ ಮುಂಜಾನೆ, ಎಣ್ಣೆ ತಣ್ಣಗಿದ್ದು ದಪ್ಪಗಿರುವ ಹೊತ್ತಿನಲ್ಲಿ ಯಂತ್ರವನ್ನು ಚಾಲೂ ಮಾಡಿ, ಜೋಡಣೆಗಳ ಕೆಳಗೆ ಒಣಗಿದ ರಟ್ಟನ್ನು ಹಾಸಿ ಮತ್ತೊಮ್ಮೆ ಪರೀಕ್ಷಿಸಬೇಕು.