ಊರಕಾವಲು: ತಳವಾರಿಕೆಯಿಂದ ಗಸ್ತಿನವರೆಗೆ

ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಮನೆತನಗಳಲ್ಲಿ ಅಡ್ಡಹೆಸರಾಗಿ ಉಳಿದಿರುವ ‘ಮಾಲಿಪಾಟೀಲ’, ‘ಪೊಲೀಸ್ ಪಾಟೀಲ’, ‘ತಳವಾರ’ ಎಂಬ ಪದಗಳು ಹಿಂದೊಮ್ಮೆ ಗ್ರಾಮದ ಹುದ್ದೆಗಳಾಗಿದ್ದವು. ನಿಜಾಮರ ಆಡಳಿತದಲ್ಲಿ ಮಾಲಿಪಾಟೀಲನು ಕಂದಾಯವನ್ನೂ ಪೊಲೀಸ್ ಪಾಟೀಲನು ಊರಿನ ಶಾಂತಿಯನ್ನೂ ನೋಡಿಕೊಳ್ಳುತ್ತಿದ್ದರು, ಕಾವಲು ತಳವಾರನದು. ಊರಿಗೆ ಬಂದ ಹೊಸಬನು ಯಾರು, ಯಾರ ಮನೆಯಲ್ಲಿ ಇಳಿದಿದ್ದಾನೆ ಎಂಬ ಅರಿವೇ ಅವನ ಕೈಯ ದೊಡ್ಡ ಆಯುಧ. ಹಾಗೆಂದು ಆ ವ್ಯವಸ್ಥೆಯನ್ನು ಬರಿದೆ ಹೊಗಳುವುದು ಸಲ್ಲದು. ಹುದ್ದೆ ವಂಶಪಾರಂಪರ್ಯವಾಗಿದ್ದುದರಿಂದ ಪಾಟೀಲನ ಮನೆಯ ಹಗೆಯೇ ಊರಿನ ಅಪರಾಧವೆನಿಸಿಕೊಳ್ಳಲು ಎಡೆಯಿತ್ತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯು 1963ರ ಫೆಬ್ರವರಿ 1ರಿಂದ ಈ ಹಕ್ಕನ್ನು ಕೊನೆಗಾಣಿಸಿತು. ಗ್ರಾಮಸ್ಥರಿಂದಲೇ ರಕ್ಷಣಾ ದಳ ಕಟ್ಟಲು 1964ರ ಕಾಯಿದೆ ಅವಕಾಶವಿತ್ತಿತು.

ಇತ್ತ ಊರುಗಳೇ ಬದಲಾಗುತ್ತಿದ್ದವು. ಶಹಾಬಾದಿನ ಹಾಸುಗಲ್ಲಿನ ಗಣಿಗಳೂ ವಾಡಿಯ ರೈಲು ಜಂಕ್ಷನ್ನೂ ಸಿಮೆಂಟ್ ಕಾರ್ಖಾನೆಯೂ ದೂರದ ಕೂಲಿಕಾರರನ್ನು ಕರೆತಂದವು. ಅಲ್ಲಿ ಹೊಸಬರೇ ನೆರೆಹೊರೆಯವರು. ಹೊಸ ಮುಖವೆಂಬ ಒಂದೇ ಕಾರಣಕ್ಕೆ ಸಂಶಯಪಡುವ ಹಳೆಯ ರೂಢಿ ಇಂಥಲ್ಲಿ ನಿರಪರಾಧಿ ದುಡಿಮೆಗಾರನನ್ನು ಠಾಣೆಗೆ ಎಳೆಯುತ್ತದೆ. ಕಳ್ಳನು ಪರಿಚಿತನಾಗಿದ್ದರೆ ಅವನನ್ನು ಬಿಟ್ಟುಬಿಡುತ್ತದೆ.

2025ರ ಜುಲೈಯಲ್ಲಿ ರಾಜ್ಯದಲ್ಲಿ ಆರಂಭವಾದ ‘ಮನೆ ಮನೆಗೆ ಪೊಲೀಸ್’ ಯೋಜನೆಯಂತೆ ಗಸ್ತಿನ ಸಿಬ್ಬಂದಿಯೇ ಮನೆಗಳಿಗೆ ತೆರಳಿ ಅಹವಾಲು ಆಲಿಸಬೇಕು. ತಳವಾರನ ಪರಿಚಯಬಲವನ್ನು ವಂಶಾಧಿಕಾರದ ಹಂಗಿಲ್ಲದೆ ಮರಳಿ ಪಡೆಯುವ ಯತ್ನವಿದು. ಆದರೆ ಸ್ವಂತ ಮನೆಯುಳ್ಳವರ ಓಣಿಗಷ್ಟೇ ಹೋಗಿ ಬಂದರೆ ಸಾಲದು. ಗಣಿಯ ಗುಡಿಸಲು, ಬಾಡಿಗೆಯ ಕೋಣೆಗಳಿಗೂ ಗಸ್ತು ತಲುಪಬೇಕು. ಅದೂ ಕೂಲಿಕಾರರು ಪಾಳಿ ಮುಗಿಸಿ ಮನೆಯಲ್ಲಿರುವ ಹೊತ್ತಿಗೆ.