ಮೈಕ್ ಬದಿಗಿಡು, ಜಗುಲಿಯಲ್ಲಿ ಕೂರು

ಅರೆ ಕಾನೂನು ಸ್ವಯಂಸೇವಕಿಯಾಗಿ ಊರೂರು ಸುತ್ತಲು ಹೊರಟಿದ್ದೀಯಂತೆ, ಬಹಳ ಸಂತೋಷ ಕಣಮ್ಮ. ಹೊರಡುವ ಮುಂಚೆ ಈ ಅತ್ತೆಯದೊಂದು ಮಾತು ಕೇಳು.

ಕಾನೂನು ಅರಿವು ಕಾರ್ಯಕ್ರಮವೆಂದರೆ ಶಾಮಿಯಾನ, ಹಾರ, ಆಮೇಲೆ ಸೆಕ್ಷನ್ನುಗಳ ಸುರಿಮಳೆ. ಕೂಲಿ ಬಿಟ್ಟು ಬಂದ ಹೆಂಗಸರು ತಲೆಯಾಡಿಸಿ ಎದ್ದು ಹೋಗುತ್ತಾರೆ. ಅವರ ಟ್ರಂಕಿನಲ್ಲಿರುವ ಕಾಗದದ ಬಗ್ಗೆ ಯಾರೂ ಮಾತೆತ್ತಿರುವುದಿಲ್ಲ. ನೀನು ಆ ಕಾಗದ ತರಿಸು, ಒಂದಕ್ಷರ ಬಿಡದೆ ಓದಿ ಹೇಳು.

ಪ್ಲಾಸ್ಟಿಕ್ ಕವರಿನಿಂದ ಮಡಿಕೆ ಹರಿದ ಸಾಗುವಳಿ ಚೀಟಿ ಹೊರಬಂದೀತು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ, ಪರಭಾರೆ ಕೂಡದೆಂಬ ಷರತ್ತಿನ ಸಾಲನ್ನು ಎರಡು ಸಲ ಓದು. ಷರತ್ತು ಮೀರಿಯೋ ಸರ್ಕಾರದ ಪೂರ್ವಾನುಮತಿ ಇಲ್ಲದೆಯೋ ಮಾರಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಬಹುದು. ತಡವಾಯಿತೆಂಬ ಕಾರಣಕ್ಕೇ ಸೋತವರು ಬಹಳ ಮಂದಿ. ಆ ಅಡ್ಡಿ ತೆಗೆಯಲೆಂದೇ 2023ರಲ್ಲಿ ತಿದ್ದುಪಡಿ ಬಂತು. ಹಾಗೆಂದು, ಜಮೀನು ಬಂದೇ ಬರುತ್ತದೆಂದು ಮಾತು ಕೊಡಬೇಡ. ಅದು ವಕೀಲರು ನೋಡಿ ಹೇಳಬೇಕಾದದ್ದು.

ಹೆಣ್ಣುಮಕ್ಕಳ ಜೊತೆ ಬೇರೆಯಾಗಿ ಕೂತು ಮಾತಾಡು. ಅಣ್ಣತಮ್ಮಂದಿರ ಎದುರು ಪಾಲಿನ ಮಾತು ಅವರ ಬಾಯಿಂದ ಹೊರಡುವುದಿಲ್ಲ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂದು 2005ರ ತಿದ್ದುಪಡಿ ಹೇಳಿತು. ಆಗ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಖಚಿತಪಡಿಸಿತು. ಆದರೂ ‘ಸುಮ್ನೆ ಒಂದು ಸೈನು’ ಅಂತ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ನಿಂತಿಲ್ಲ. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ತವರು ಉಳಿಯಲೆಂದು ಪಾಲು ಬಿಡುವವಳನ್ನು ಹೀಯಾಳಿಸಬೇಡ. ಬಿಡುವುದಾದರೆ ಏನು ಬಿಡುತ್ತಿದ್ದೇನೆಂದು ತಿಳಿದು ಬಿಡಲಿ.

ವಕೀಲರಿಗೆ ದುಡ್ಡೆಲ್ಲಿ ತರೋಣ ಅಂದೇ ಅನ್ನುತ್ತಾರೆ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲೇ ಇದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರಾಯಿತು. ಸಹಾಯವಾಣಿ 15100 ಅನ್ನು ಅವರ ಮೊಬೈಲಿನಲ್ಲಿ ನೀನೇ ಸೇವ್ ಮಾಡಿಕೊಡು.

ಕೋರ್ಟಿನ ಗೇಟು ದಾಟಲು ಅವರಿಗೆ ಕಾಲೇ ಬಾರದು. ಮೊದಲ ಸಲ ಜೊತೆಗೆ ಹೋಗು. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿಯನ್ನು ಅವರೇ ಬಾಯಿಬಿಟ್ಟು ಕೇಳಲಿ, ನೀನು ಪಕ್ಕದಲ್ಲಿ ನಿಂತಿರು ಸಾಕು.