ಪ್ರಶ್ನೆಯ ಕ್ರಮ ಬದಲಾದರೆ ಲೆಕ್ಕವೂ ಬದಲಾಗುತ್ತದೆ

ತೋಟದ ಬಾಗಿಲಿಗೆ ಯಾರಾದರೂ ಕಾಗದ ಪೆನ್ನು ಹಿಡಿದು, ಈಚೆಗಾದರೆ ಮೊಬೈಲು ಹಿಡಿದು, "ಎಷ್ಟು ಎಕರೆ, ಎಷ್ಟು ಮರ, ಕಳೆದ ವರ್ಷ ಎಷ್ಟು ಕ್ವಿಂಟಾಲು?" ಎಂದು ಕೇಳಿದರೆ ನಮ್ಮಲ್ಲಿ ಬಹುಮಂದಿ ಬಾಯಿಗೆ ಬಂದ ಅಂಕಿಯೊಂದನ್ನು ಹೇಳಿ ಕಳಿಸಿಬಿಡುತ್ತೇವೆ. ಕೆಲವರು ಕಡಿಮೆ ಹೇಳುತ್ತಾರೆ; ಅದು ತೆರಿಗೆಯ ಭಯ. ಕೆಲವರು ಹೆಚ್ಚು ಹೇಳುತ್ತಾರೆ. ಅದು ಪರಿಹಾರದ ಆಸೆ. ಇನ್ನು ಕೆಲವರು ನಿಜವನ್ನೇ ಹೇಳಬೇಕೆಂದು ಹೊರಟು ನೆನಪಿನ ದೋಷದಿಂದ ತಪ್ಪು ಹೇಳುತ್ತಾರೆ. ಮೊದಲಿನ ಎರಡು ಬಗೆಯವರ ವಿಚಾರ ಸಮೀಕ್ಷೆ ನಡೆಸುವವರಿಗೂ ಗೊತ್ತು, ನಮಗೂ ಗೊತ್ತು. ಮೂರನೆಯವರ ತಪ್ಪು ಮಾತ್ರ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅದರಲ್ಲಿ ಕಪಟವಿಲ್ಲ. ಈ ಬಾರಿಯ ಪಾಠ ಅದರ ಬಗೆಗೆ.

ಇದನ್ನು ವಿವರಿಸಲು ನಾವು ಆರಿಸಿಕೊಂಡಿರುವ ಉದಾಹರಣೆ ಕಾಫಿಯದೂ ಅಲ್ಲ, ಅಡಿಕೆಯದೂ ಅಲ್ಲ, ಅಮೆರಿಕದ ಕಡಲ ಮೀನಿನದು. ಘಟ್ಟದ ಜನಕ್ಕೆ ಕಡಲ ಮೀನಿನ ಗೊಡವೆ ಏಕೆಂದು ಸದಸ್ಯರು ಕೇಳಬಹುದು. ಜನರ ಉತ್ತರವನ್ನೇ ನಂಬಿ ಕಟ್ಟಿದ ಸರ್ಕಾರಿ ಲೆಕ್ಕವೊಂದು ಎಲ್ಲಿ ಹೇಗೆ ವಾಲಿತು ಎಂಬುದನ್ನು ಆ ಸರ್ಕಾರವೇ ಪರೀಕ್ಷಿಸಿ, ಬಹಿರಂಗವಾಗಿ ಹೇಳಿದ ಉದಾಹರಣೆ ಅಪರೂಪ. ಅದಕ್ಕಾಗಿ ಇದನ್ನು ಆರಿಸಿಕೊಂಡೆವು.

ಮೀನನ್ನು ಎಣಿಸುವ ಬಗೆ

ಅಮೆರಿಕದಲ್ಲಿ ಕಡಲ ಮೀನು ಹಿಡಿಯುವವರು ಎರಡು ವರ್ಗ. ಹೊಟ್ಟೆಪಾಡಿಗೆ ಹಿಡಿದು ಮಾರುವವರು ಒಂದು ವರ್ಗ. ರಜೆಯ ದಿನ ದಡದಲ್ಲಿಯೋ ಸ್ವಂತ ದೋಣಿಯಲ್ಲಿಯೋ ಕುಳಿತು ಗಾಳ ಹಾಕುವ ಹವ್ಯಾಸಿಗಳು ಇನ್ನೊಂದು ವರ್ಗ. ಮಾರುವವರ ಮೀನು ವ್ಯಾಪಾರಿಯ ತಕ್ಕಡಿಗೆ ಬರುತ್ತದೆ, ಆದ್ದರಿಂದ ಲೆಕ್ಕ ಸಿಗುತ್ತದೆ. ಹವ್ಯಾಸಿಯ ಮೀನು ನೇರವಾಗಿ ಮನೆಯ ಬಾಣಲೆಗೆ ಹೋಗುತ್ತದೆ. ಅಂಥವರು ಲಕ್ಷಗಟ್ಟಲೆ ಇರುವುದರಿಂದ ಅವರು ಹಿಡಿದದ್ದನ್ನು ಬಿಟ್ಟು ಲೆಕ್ಕ ಹಾಕುವಂತೆಯೂ ಇಲ್ಲ.

ಈ ಕೆಲಸ 1970ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಾಗರ ಮತ್ತು ವಾಯುಮಂಡಲ ಆಡಳಿತ, ಅಂದರೆ 'ನೋವಾ' ಸಂಸ್ಥೆಯದು. ಅಲ್ಲಿನ ಹವಾಮಾನ ಸೇವೆಯೂ ಮೀನುಗಾರಿಕೆ ಸೇವೆಯೂ ಇದೇ ಸಂಸ್ಥೆಯ ಕೆಳಗೆ ಬರುತ್ತವೆ. ಹವ್ಯಾಸಿಗಳ ರಾಷ್ಟ್ರೀಯ ಸಮೀಕ್ಷೆ 1979ರಲ್ಲಿ ಆರಂಭವಾಯಿತು. ಲೆಕ್ಕದ ಸೂತ್ರ ಸರಳ. ಒಟ್ಟು ಎಷ್ಟು ಸಲ ಜನ ಮೀನಿಗೆ ಹೋದರು ಎಂಬುದು ಒಂದು ಅಂಕಿ; ಒಂದು ಸಲಕ್ಕೆ ಸರಾಸರಿ ಎಷ್ಟು ಮೀನು ಸಿಕ್ಕಿತು ಎಂಬುದು ಇನ್ನೊಂದು. ಎರಡನ್ನೂ ಗುಣಿಸಿದರೆ ಒಟ್ಟು ಹಿಡುವಳಿ. ಎರಡನೆಯ ಅಂಕಿಗಾಗಿ ಸಿಬ್ಬಂದಿ ದೋಣಿಕಟ್ಟೆಯಲ್ಲಿ ನಿಂತು, ಬಂದವರ ಬುಟ್ಟಿ ನೋಡಿ, ಮೀನನ್ನು ಎಣಿಸಿ, ಅಳೆದು, ತೂಗುತ್ತಾರೆ. ಕಾಫಿ ಅಂದಾಜು ಮಾಡುವಾಗ ಗಿಡಕ್ಕೆ ಎಷ್ಟು ಎಂದು ನೋಡಿ ಗಿಡಗಳ ಸಂಖ್ಯೆಯಿಂದ ಗುಣಿಸುವ ಕ್ರಮ ಬಲ್ಲವರಿಗೆ ಇದು ಹೊಸದಲ್ಲ.

ತೊಡಕು ಇರುವುದು ಮೊದಲನೆಯ ಅಂಕಿಯಲ್ಲಿ. ಎಷ್ಟು ಸಲ ಹೋದಿರಿ ಎಂಬುದನ್ನು ಜನರನ್ನೇ ಕೇಳಬೇಕು. ಬಹುಕಾಲ ಕರಾವಳಿಯ ಮನೆಗಳಿಗೆ ದೂರವಾಣಿ ಮಾಡಿ ಕೇಳುತ್ತಿದ್ದರು. ಕಾಲಕ್ರಮದಲ್ಲಿ ಜನ ಮನೆಯ ದೂರವಾಣಿ ಬಿಟ್ಟು ಮೊಬೈಲಿಗೆ ಹೋದರು; ಅಪರಿಚಿತ ಕರೆ ಬಂದರೆ ಎತ್ತುವುದನ್ನೇ ಬಿಟ್ಟರು. ಎತ್ತಿದವರಿಗೂ ಮನೆಯ ಉಳಿದವರು ಎಷ್ಟು ಸಲ ಹೋಗಿದ್ದರು ಎಂಬುದು ಆ ಕ್ಷಣಕ್ಕೆ ನೆನಪಾಗುತ್ತಿರಲಿಲ್ಲ. 2006ರಲ್ಲಿ ಆ ದೇಶದ ರಾಷ್ಟ್ರೀಯ ಸಂಶೋಧನಾ ಮಂಡಳಿ ಈ ವಿಧಾನವನ್ನು ಪರಿಶೀಲಿಸಿ ಕಟುವಾಗಿಯೇ ಟೀಕಿಸಿತು. 2008ರಲ್ಲಿ ಇಡೀ ಕಾರ್ಯಕ್ರಮವನ್ನು ಹೊಸದಾಗಿ ರೂಪಿಸಿದರು. ಮೂರು ವರ್ಷ ದೂರವಾಣಿ ಮತ್ತು ಅಂಚೆ ಎರಡನ್ನೂ ಜೊತೆಯಾಗಿ ನಡೆಸಿ, 2018ರಿಂದ ಅಂಚೆಯನ್ನು ಮಾತ್ರ ಉಳಿಸಿಕೊಂಡರು. ಅಂಚೆಯ ಲೆಕ್ಕ ದೂರವಾಣಿಯ ಲೆಕ್ಕಕ್ಕಿಂತ ಹಲವು ಪಟ್ಟು ಹೆಚ್ಚು ಬಂತು! ಜನ ಅವರೇ, ಕಡಲೂ ಅದೇ. ಬದಲಾದದ್ದು ಕೇಳಿದ ರೀತಿ.

ಹವಾಮಾನದ ಹೆಸರಿನ ಫಾರಂ

ಅಂಚೆಯಲ್ಲಿ ಮನೆಗೆ ಬರುತ್ತಿದ್ದ ಈ ಫಾರಂನ ತಲೆಬರಹದಲ್ಲಿ ಮೀನಿನ ಹೆಸರು ಮುಖ್ಯವಾಗಿರಲಿಲ್ಲ. ಹವಾಮಾನ ಮತ್ತು ಹೊರಾಂಗಣ ಚಟುವಟಿಕೆಗಳ ಸಮೀಕ್ಷೆ ಎಂಬ ಹೆಸರಿನಲ್ಲಿ, ಹವಾಮಾನದ ಬಗೆಗೂ ಕೆಲವು ಪ್ರಶ್ನೆಗಳನ್ನಿಟ್ಟು, ನಡುವೆ ಮೀನಿನ ಪ್ರಶ್ನೆಗಳನ್ನು ಸೇರಿಸಿದ್ದರು. ಲಕೋಟೆಯಲ್ಲಿ ಎರಡು ಡಾಲರಿನಷ್ಟು ನಗದು ಕೂಡ. ಇದೂ ಒಂದು ಗಾಳವೇ ಅನ್ನಿ. ಆದರೆ ಇದರ ಹಿಂದಿನ ಯೋಚನೆ ಬಹಳ ಮುಖ್ಯವಾದದ್ದು, ಇದನ್ನು ಲೆಕ್ಕ ಹಾಕಿಯೇ ನೋಡೋಣ.

ಒಂದು ಕರಾವಳಿಯಲ್ಲಿ 10,000 ಮನೆಗಳಿವೆ ಎಂದಿಟ್ಟುಕೊಳ್ಳಿ. ಅವುಗಳಲ್ಲಿ 200 ಮನೆಗಳನ್ನು ಚೀಟಿ ಎತ್ತಿದಂತೆ ಆರಿಸಿ ಕೇಳಿದೆವು. 60 ಮನೆಯವರು ಮೀನಿಗೆ ಹೋಗುವವರು. ಒಟ್ಟು 300 ಸಲ ಹೋಗಿದ್ದಾರೆ. ಉಳಿದ 140 ಮನೆಯವರದು ಸೊನ್ನೆ. ಎಲ್ಲರೂ ಉತ್ತರಿಸಿದರೆ ಮನೆಗೆ ಸರಾಸರಿ ಒಂದೂವರೆ ಸಲ, ಅಂದರೆ ಇಡೀ ಕರಾವಳಿಗೆ 15,000 ಸಲ. ಸೊನ್ನೆಯವರು "ನಮಗೇನು ಸಂಬಂಧ" ಎಂದು ಫಾರಂ ಕಸದ ಬುಟ್ಟಿಗೆ ಹಾಕಿದರೆ? ಆಗ 60 ಮನೆಗೆ 300 ಸಲ, ಮನೆಗೆ ಐದು, ಕರಾವಳಿಗೆ 50,000! ಯಾರೂ ಸುಳ್ಳು ಹೇಳಲಿಲ್ಲ, ಆದರೂ ಲೆಕ್ಕ ಮೂರು ಪಟ್ಟಿಗೂ ಮೀರಿ ಉಬ್ಬಿತು. ಗಾಳ ಮುಟ್ಟದ ಮನೆಗೂ ಹವಾಮಾನದಲ್ಲಿ ಆಸಕ್ತಿ ಇದ್ದೇ ಇರುತ್ತದೆ. ಅದಕ್ಕೇ ಆ ಹೆಸರು, ಅದಕ್ಕೇ ಆ ಪ್ರಶ್ನೆಗಳು.

ಕೊಳೆರೋಗ ಬಂದ ವರ್ಷ ನಷ್ಟದ ವಿವರ ಕೇಳಿದಾಗ ನಷ್ಟವಾದವರು ಮಾತ್ರ ಬರೆದುಕೊಟ್ಟು, ಆಗದವರು ಸುಮ್ಮನಿದ್ದರೆ ಏನಾಗುತ್ತದೆಂದು ಸದಸ್ಯರು ಇದರಿಂದ ಊಹಿಸಿಕೊಳ್ಳಬಹುದು. ಉಬ್ಬಿದ ಲೆಕ್ಕವನ್ನು ಮೇಲಿನವರು ನಂಬುವುದಿಲ್ಲ. ನಂಬದೆ ಕತ್ತರಿ ಹಾಕಿದಾಗ ಅದು ನಿಜವಾಗಿ ಕಳೆದುಕೊಂಡವನ ಮೇಲೂ ಬೀಳುತ್ತದೆ. ಸೊನ್ನೆಯನ್ನೂ ಬರೆದು ಕೊಡಬೇಕು ಎಂದು ನಾವು ಒತ್ತಿ ಹೇಳುವುದು ಈ ಕಾರಣಕ್ಕೆ.

ಎರಡು ತಿಂಗಳು ಮೊದಲೋ, ಹನ್ನೆರಡು ತಿಂಗಳು ಮೊದಲೋ?

ಇಷ್ಟೆಲ್ಲ ಎಚ್ಚರಿಕೆಯಿಂದ ಮಾಡಿದ ಫಾರಂನಲ್ಲಿಯೂ ಒಂದು ದೋಷ ಉಳಿದಿತ್ತು. ಅದರಲ್ಲಿ ಮೊದಲು "ಕಳೆದ ಎರಡು ತಿಂಗಳಲ್ಲಿ ಎಷ್ಟು ಸಲ ಹೋದಿರಿ?" ಎಂದೂ, ಆಮೇಲೆ "ಕಳೆದ ಹನ್ನೆರಡು ತಿಂಗಳಲ್ಲಿ ಎಷ್ಟು ಸಲ?" ಎಂದೂ ಕೇಳಿತ್ತು. ಪ್ರಾಯೋಗಿಕವಾಗಿ ಕೆಲವು ಮನೆಗಳಿಗೆ ಈ ಎರಡು ಪ್ರಶ್ನೆಗಳ ಕ್ರಮವನ್ನು ಅದಲುಬದಲು ಮಾಡಿ ಕಳಿಸಿದರು. ಮೊದಲು ವರ್ಷದ್ದು, ನಂತರ ಎರಡು ತಿಂಗಳದ್ದು. ಇದರ ಫಲವನ್ನು 2023ರಲ್ಲಿ ನೋವಾ ಸಂಸ್ಥೆಯೇ ಪ್ರಕಟಿಸಿತು. ಹೊಸ ಕ್ರಮದಲ್ಲಿ ಎರಡು ತಿಂಗಳ ಲೆಕ್ಕ ಸಾಮಾನ್ಯವಾಗಿ ಶೇಕಡ 30ರಿಂದ 40ರಷ್ಟು ಕಡಿಮೆ ಬಂದಿತ್ತು. ವರ್ಷದ ಅಂಕಿಗಿಂತ ಎರಡು ತಿಂಗಳ ಅಂಕಿಯೇ ದೊಡ್ಡದಾಗಿರುವಂಥ ಅಸಂಬದ್ಧ ಉತ್ತರಗಳೂ ಕಡಿಮೆಯಾಗಿದ್ದವು.

ಕಾರಣ ತಿಳಿಯಲು ದೊಡ್ಡ ವಿದ್ವತ್ತು ಬೇಡ. ಮೀನಿನ ಹುಚ್ಚಿರುವವನಿಗೆ ತಾನು ಹೋದದ್ದನ್ನು ಹೇಳಬೇಕೆಂಬ ಆಸೆ. ಎದುರಿಗೆ ಕಾಣುವ ಮೊದಲ ಪ್ರಶ್ನೆ ಎರಡು ತಿಂಗಳದ್ದು. ಮೂರು ತಿಂಗಳ ಹಿಂದೆ ಹೋಗಿದ್ದನ್ನೂ "ಮೊನ್ನೆ ಮೊನ್ನೆ" ಎಂದು ಅದರೊಳಗೆ ಸೇರಿಸುತ್ತಾನೆ. ಮೊದಲೇ ಇಡೀ ವರ್ಷದ್ದನ್ನು ಹೇಳಿಬಿಟ್ಟವನಿಗೆ ಆ ಒತ್ತಡವಿಲ್ಲ. ಮೇಲಾಗಿ ವರ್ಷದ ಅಂಕಿ ಕಣ್ಣೆದುರಿಗಿರುವುದರಿಂದ ಎರಡು ತಿಂಗಳಿಗೆ ಎಷ್ಟೆಂದು ಯೋಚಿಸಿ ಬರೆಯುತ್ತಾನೆ. ಹಿಂದಿನದನ್ನು ಹತ್ತಿರಕ್ಕೆ ಎಳೆದುಕೊಳ್ಳುವುದು ಮನಸ್ಸಿನ ಸ್ವಭಾವ. ಬೋರ್ಡೋ ಹೊಡೆಸಿ ಎಷ್ಟು ದಿನವಾಯಿತೆಂದು ನಿಮ್ಮ ಪಕ್ಕದ ತೋಟದವರನ್ನು ಕೇಳಿ, ಆಮೇಲೆ ಅವರ ಆಳುಗಳ ಹಾಜರಿ ಪುಸ್ತಕ ನೋಡಿ. ಎರಡಕ್ಕೂ ತಾಳೆಯಾದರೆ ಅವರು ಅಪರೂಪದ ಬೆಳೆಗಾರರು.

ಮೇಲಿನ ಲೆಕ್ಕಕ್ಕೇ ಇದನ್ನು ಅನ್ವಯಿಸಿ. 200 ಮನೆಯವರು 300ರ ಬದಲು 400 ಸಲ ಎಂದು ಹೇಳಿದರೆ ಕರಾವಳಿಗೆ 20,000 ಸಲ. ಸಲಕ್ಕೆ ಎರಡು ಮೀನೆಂದರೆ 30,000 ಹೋಗಿ 40,000 ಆಯಿತು. ಆ ಹೆಚ್ಚಿನ 10,000 ಮೀನು ಕಡಲಿನಲ್ಲಿ ಸಿಕ್ಕಿದ್ದಲ್ಲ, ಕಾಗದದ ಮೇಲೆ ಹುಟ್ಟಿದ್ದು.

ಇದರಿಂದ ಯಾರಿಗೆ ಏನಾಯಿತು? ಅಲ್ಲಿನ ಕಾನೂನಿನಂತೆ ಪ್ರತಿ ಜಾತಿಯ ಮೀನಿಗೂ ವರ್ಷಕ್ಕೆ ಇಷ್ಟೇ ಎಂಬ ಮಿತಿ ಇದೆ. ಮಿತಿ ತಲುಪಿತೆಂದು ಲೆಕ್ಕ ಹೇಳಿದರೆ ಹಂಗಾಮು ಮುಚ್ಚುತ್ತದೆ. ಮೆಕ್ಸಿಕೋ ಕೊಲ್ಲಿಯ ರೆಡ್ ಸ್ನ್ಯಾಪರ್ ಎಂಬ ಕೆಂಪು ಮೀನಿಗೆ 2017ರಲ್ಲಿ ಕೇಂದ್ರದ ವ್ಯಾಪ್ತಿಯ ನೀರಿನಲ್ಲಿ ಖಾಸಗಿ ದೋಣಿಯವರಿಗೆ ಕೊಟ್ಟದ್ದು ಮೂರೇ ದಿನ! ಗದ್ದಲವೆದ್ದ ಮೇಲೆ 39 ದಿನ ಸೇರಿಸಿದರು. ಕೇಂದ್ರದ ಲೆಕ್ಕದಲ್ಲಿ ವಿಶ್ವಾಸ ಸಾಲದೆ ಲೂಸಿಯಾನಾ ರಾಜ್ಯ 2014ರಿಂದಲೇ ತನ್ನ ಸ್ವಂತ ಸಮೀಕ್ಷೆ ಆರಂಭಿಸಿತ್ತು. ಆದರೆ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಹಿಡಿದದ್ದು ಕಡಿಮೆ ಎಂದು ತಿಳಿದ ಮಾತ್ರಕ್ಕೆ ಇನ್ನಷ್ಟು ಹಿಡಿಯಬಹುದು ಎಂದಾಗುವುದಿಲ್ಲ. ಕಡಲಿನಲ್ಲಿ ಒಟ್ಟು ಎಷ್ಟು ಮೀನಿದೆ ಎಂಬ ಅಂದಾಜಿಗೂ ಅದೇ ಉಬ್ಬಿದ ಅಂಕಿಗಳನ್ನು ಬಳಸಿರುತ್ತಾರೆ. ತಕ್ಕಡಿಯೇ ಕೆಟ್ಟಿದ್ದರೆ ಖರೀದಿಯ ತೂಕವೂ ಮಾರಾಟದ ತೂಕವೂ ಒಟ್ಟಿಗೇ ಕೆಡುತ್ತವೆಯಲ್ಲವೆ? ಹೀಗಾಗಿ ಅವಸರಪಡದೆ, 2024ರಲ್ಲಿ ವರ್ಷವಿಡೀ ದೊಡ್ಡ ಪ್ರಮಾಣದಲ್ಲಿ ಹೊಸ ಫಾರಂನ ಪರೀಕ್ಷೆ ನಡೆಸಿದರು.

ಅದೇ ಸಂಸ್ಥೆಯ ಹವಾಮಾನ ಸೇವೆ ಜನರನ್ನು ಕೇಳಿದ್ದು ಬೇರೊಂದು ವಿಚಾರ. ಚಂಡಮಾರುತ, ಹಿಮಪಾತಗಳ ಮುನ್ಸೂಚನೆಯಲ್ಲಿ ಬಳಸುವ 'ವಾಚ್', 'ಅಡ್ವೈಸರಿ', 'ವಾರ್ನಿಂಗ್' ಎಂಬ ಮಾತುಗಳು ನಿಮಗೆ ಅರ್ಥವಾಗುತ್ತವೆಯೇ ಎಂದು ಸಮೀಕ್ಷೆ ಮಾಡಿದಾಗ ಬಹಳ ಜನ ಗೊಂದಲದಲ್ಲಿದ್ದುದು ಗೊತ್ತಾಯಿತು. 2021ರಲ್ಲಿ 'ಅಡ್ವೈಸರಿ' ಎಂಬ ತಲೆಬರಹ ಬಿಟ್ಟು ಸರಳ ಮಾತಿನಲ್ಲಿ ಹೇಳುವುದಾಗಿ ಆ ಸೇವೆ ಪ್ರಕಟಿಸಿತು. ನಮ್ಮಲ್ಲಿ ಹಳದಿ, ಕಿತ್ತಳೆ, ಕೆಂಪು ಎಂಬ ಬಣ್ಣಗಳಿವೆ. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಅಂಗಳದಲ್ಲಿ ಕಾಫಿ ಹರಡಿದವರು ಹಳದಿಯ ದಿನ ಟಾರ್ಪಾಲು ಹುಡುಕಿಟ್ಟುಕೊಂಡರೆ ಸಾಕು.

ನಮ್ಮ ತೋಟದ ಮಟ್ಟಿಗೆ

ನಮ್ಮ ಕರಾವಳಿಯಲ್ಲಿ ಮೀನಿನ ಲೆಕ್ಕ ಬೇರೆ ರೀತಿ. 1947ರಲ್ಲಿ ಸ್ಥಾಪಿತವಾದ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಮಲ್ಪೆ, ಮಂಗಳೂರಿನಂಥ ಬಂದರುಗಳಲ್ಲಿ ಗೊತ್ತುಮಾಡಿದ ದಿನಗಳಂದು ಬೋಟು ಇಳಿಸುವ ಮೀನನ್ನು ಕಣ್ಣಾರೆ ನೋಡಿ ಬರೆದುಕೊಳ್ಳುತ್ತಾರೆ. ಮೀನುಗಾರ ಕುಟುಂಬಗಳ ಗಣತಿಯಾದರೋ 2005, 2010, 2016ರಲ್ಲಿ ಮನೆಮನೆಗೆ ಹೋಗಿ ಕೇಳಿದ್ದು. ನೋಡಿ ಬರೆಯುವುದು ಬೇರೆ, ಕೇಳಿ ಬರೆಯುವುದು ಬೇರೆ. ಬೆಳೆಗಾರರ ವಿಷಯದಲ್ಲಿ ಎರಡೂ ಬೆರೆತಿವೆ.

ಕಾಫಿ ಮಂಡಳಿ ಹೂವಿನ ನಂತರ ಒಮ್ಮೆ, ಮುಂಗಾರಿನ ನಂತರ ಒಮ್ಮೆ ಬೆಳೆ ಅಂದಾಜು ಮಾಡುತ್ತದೆ. ರಾಜ್ಯ ಸರ್ಕಾರದ ಬೆಳೆ ಸಮೀಕ್ಷೆಯಲ್ಲಿ 2020ರಿಂದ ರೈತರೇ ಮೊಬೈಲಿನಲ್ಲಿ ತಮ್ಮ ಬೆಳೆಯ ವಿವರ ಮತ್ತು ಚಿತ್ರ ಸೇರಿಸಲು ಅವಕಾಶವಾಯಿತು. ಇಲ್ಲಿ ನಮ್ಮವರು ಸಾಮಾನ್ಯವಾಗಿ ಎಡವುವುದು ಮಿಶ್ರಬೆಳೆಯಲ್ಲಿ. "ಯಾವ ಬೆಳೆ?" ಎಂದರೆ ತಕ್ಷಣ "ಅಡಿಕೆ" ಎನ್ನುತ್ತೇವೆ. ಮರಕ್ಕೆ ಹಬ್ಬಿದ ಕಾಳುಮೆಣಸು, ನಡುವಿನ ಕೋಕೋ, ಬಾಳೆ, ಬದಿಯ ಒಂದಿಷ್ಟು ಕಾಫಿ ನಾಲಗೆಗೆ ಬರುವುದೇ ಇಲ್ಲ. ಅಲ್ಲಿ ಹೇಳದ ಮೆಣಸಿಗೆ ಆಮೇಲೆ ವಿಮೆ ಕೇಳಿದರೆ ತೊಂದರೆ. ವಿಮೆಯ ಅರ್ಜಿಯಲ್ಲಿರುವ ಬೆಳೆಗೂ ಸಮೀಕ್ಷೆಯ ಬೆಳೆಗೂ ತಾಳೆಯಾಗದೆ ಅರ್ಜಿ ತಿರಸ್ಕೃತವಾಗುವುದುಂಟು. ಹವಾಮಾನ ಆಧಾರಿತ ವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದು ಮಳೆಮಾಪಕದ ಅಂಕಿಯಿಂದ. ಅಲ್ಲಿ ನಮ್ಮ ನೆನಪನ್ನು ಯಾರೂ ಕೇಳುವುದಿಲ್ಲ, ನಿಜ. ಆದರೆ ಬೆಳೆಯ ಹೆಸರು ಸರಿಯಿರಬೇಕಾದದ್ದು ನಮ್ಮ ಉತ್ತರದಿಂದಲೇ.

ಆದಕಾರಣ ಸದಸ್ಯರಲ್ಲಿ ನಮ್ಮ ಸೂಚನೆ ಇಷ್ಟು. ಉತ್ತರಿಸುವ ಮೊದಲು ಪ್ರಶ್ನೆ ಯಾವ ಅವಧಿಯದು ಎಂದು ಕೇಳಿಕೊಳ್ಳಿ. ಕ್ಯಾಲೆಂಡರ್ ವರ್ಷವೋ, ಕೊಯ್ಲಿನ ವರ್ಷವೋ, ಕಳೆದ ಹನ್ನೆರಡು ತಿಂಗಳೋ? ಕಾಫಿ ಕೊಯ್ಲು ಹೊಸ ವರ್ಷದ ಆಚೆ ಈಚೆ ಹರಡಿಕೊಂಡಿರುವುದರಿಂದ ಇದರಲ್ಲಿ ಒಂದು ಬೆಳೆ ಎರಡು ಸಲ ಸೇರುವ, ಇಲ್ಲವೆ ಪೂರ್ತಿ ಬಿಟ್ಟುಹೋಗುವ ಸಂಭವವಿದೆ. ತೂಕವನ್ನು ಹೇಳುವಾಗ ಹಣ್ಣೋ, ಚೆರಿಯೋ, ಪಾರ್ಚ್‌ಮೆಂಟೋ, ಅಡಿಕೆಯಾದರೆ ಹಸಿಯೋ, ಸುಲಿದು ಒಣಗಿಸಿದ್ದೋ ಎಂದು ಸೇರಿಸಿ ಹೇಳಿ. ಕೇಳುವವರು ಎಳೆಯ ಹುಡುಗರಾದರೆ ಅವರಿಗೆ ಈ ಭೇದ ಗೊತ್ತಿಲ್ಲದಿರಬಹುದು. ಬೇಸರಿಸದೆ ತಿಳಿಸಿಕೊಡಿ, ಮನೆಗೆ ಬಂದವರಿಗೆ ಒಂದು ಲೋಟ ಕಾಫಿ ಕೊಡುವಷ್ಟೇ ಹೊತ್ತು. ಮಳೆಯನ್ನು ದಿನವೂ ಒಂದೇ ಹೊತ್ತಿಗೆ, ಬೆಳಿಗ್ಗೆ ಎಂಟೂವರೆಗೆ, ಅಳೆದು ಬರೆದಿಟ್ಟರೆ ಹವಾಮಾನ ಇಲಾಖೆಯ ಅಂಕಿಯೊಂದಿಗೆ ಹೋಲಿಸಲು ಬರುತ್ತದೆ. ಸಿಂಪಡಣೆ, ಕೊಯ್ಲು, ಮಾರಾಟ ಇವುಗಳನ್ನು ಆಯಾ ದಿನವೇ ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದರೂ ಆದೀತು.

ಸಮೀಕ್ಷೆ ಮುಗಿದ ಮೇಲೆ ನಿಮ್ಮ ಸರ್ವೆ ನಂಬರಿನ ಎದುರು ಏನು ದಾಖಲಾಗಿದೆ ಎಂಬುದನ್ನು 'ಬೆಳೆ ದರ್ಶಕ' ಎಂಬ ಆ್ಯಪಿನಲ್ಲಿ ನೋಡಬಹುದು. ತಪ್ಪಿದ್ದರೆ ಅದರಲ್ಲಿಯೇ ಆಕ್ಷೇಪಣೆ ಸಲ್ಲಿಸಲು ಅವಕಾಶವಿದೆ, ಆದರೆ ಗೊತ್ತುಪಡಿಸಿದ ದಿನದೊಳಗೆ. ಮನೆಯಲ್ಲಿ ಮೊಬೈಲು ಬಲ್ಲ ಮಕ್ಕಳಿದ್ದರೆ ಪಹಣಿಯನ್ನು ಪಕ್ಕದಲ್ಲಿಟ್ಟುಕೊಂಡು, ಮಿಶ್ರಬೆಳೆಯ ಸಾಲನ್ನು ವಿಶೇಷವಾಗಿ ಗಮನಿಸಿ ನೋಡಲು ಹೇಳಿ.